ಅತ್ತೆಯ ಲಾರಿಯ ಆರನೆಯ ವೈರು

ಹೆಂಡತಿಯ ತಾಯಿ ಮನೆಗೆ ಬಂದು ನಿಲ್ಲುವ ಭಾಗ್ಯ ಎಷ್ಟೋ ಗಂಡಂದಿರಿಗೆ ಒದಗುತ್ತದೆ. ಆದರೆ ಆ ತಾಯಿ ಲಾರಿಸಮೇತ ಬಂದು ನಿಂತ ಭಾಗ್ಯ ನನ್ನೊಬ್ಬನದೇ ಇರಬೇಕು.

ನಮ್ಮ ಮಾವ ಲಾರಿ ಡ್ರೈವರು. ಸ್ವಂತದ್ದು ಒಂದೇ ಲಾರಿ. ಪೆಟ್ರೋಲ್ ಕುಡಿಯುವ ಕಾಲದ್ದು, ಮೂತಿ ಮುಂದಕ್ಕೆ ಚಾಚಿಕೊಂಡಿರುವಂಥದ್ದು. ಅವರು ತೀರಿಕೊಂಡ ಮೇಲೆ "ನಮ್ಮ ಜೊತೇಲೇ ಇದ್ದುಬಿಡಿ" ಎಂದು ಅತ್ತೆಯನ್ನು ಕರೆದವನು ನಾನೇ. (ಕರೆಯಿರಿ ಎಂದವಳು ಹೆಂಡತಿ, ಗಂಟಲು ಮಾತ್ರ ನನ್ನದು.) ಅತ್ತೆ ಒಪ್ಪಿದರು. ಷರತ್ತು ಒಂದೇ: "ಗಾಡಿನೂ ಬರ್ಬೇಕು." ಬಂತು. ಇನ್ನೊಂದು ಲಾರಿಯ ಬೆನ್ನಿಗೆ ಹಗ್ಗ ಕಟ್ಟಿಸಿಕೊಂಡು, ಬರಲೊಲ್ಲದ ಕರುವಿನಂತೆ ಬಂತು. ಬಂದದ್ದು ನಮ್ಮ ಹಿತ್ತಲನ್ನು ಪೂರ್ತಿ ಆಕ್ರಮಿಸಿತು. ನಾನು ಟೈಲರು. ಬಟ್ಟೆ ಒಣಹಾಕಲು ಇದ್ದದ್ದು ಅದೊಂದೇ ಜಾಗ. ಈಗ ಬಿಸಿಲು ಲಾರಿಗೆ, ನೆರಳು ನನ್ನ ಬಟ್ಟೆಗೆ.

"ಗುಜರಿಗೆ ಕೊಟ್ಟುಬಿಡೋಣ್ವೇನೇ?" ಎಂದು ಒಮ್ಮೆ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದೆ.

"ಮೆಲ್ಲಗೆ! ಅಮ್ಮಂಗೆ ಕೇಳಿಸತ್ತೆ."

"ಅತ್ತೆಗೆ ಕಿವಿ ಮಂದ ಅಲ್ವಾ?"

"ಬೇಕಾದ್ದಕ್ಕೆ ಮಂದ. ಬೇಡದ್ದೆಲ್ಲಾ ಚೆನ್ನಾಗಿ ಕೇಳಿಸತ್ತೆ."

ಒಳಗಿನಿಂದ ಅತ್ತೆಯ ದನಿ ಬಂತು: "ಯಾರು ಯಾರನ್ನ ಗುಜರಿಗೆ ಕೊಡೋದು?"

ಆದರೆ ಕಿವಿ ನಿಜಕ್ಕೂ ಹೋಗುತ್ತಿತ್ತು. ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಸಣ್ಣ ದನಿಗಳು ಆಗಲೇ ಹೋಗಿವೆ, ದಪ್ಪ ದನಿಗಳು ಇನ್ನಷ್ಟು ದಿನ ಇರುತ್ತವೆ, ಆಮೇಲೆ ಹೇಳಲಾಗದು ಎಂದರು. (ನನ್ನವಳ ದನಿ ಯಾವ ಗುಂಪಿಗೆ ಸೇರುತ್ತದೆಂದು ಕೇಳಬೇಕೆಂದಿದ್ದೆ. ಅವಳು ಪಕ್ಕದಲ್ಲೇ ಕೂತಿದ್ದಳು.) ಮನೆಗೆ ಬಂದ ಅತ್ತೆ ಸೀದಾ ಹಿತ್ತಲಿಗೆ ಹೋಗಿ ಲಾರಿಯ ಬಾನೆಟ್ ಸವರುತ್ತಾ ನಿಂತರು.

"ಅಳಿಯಂದ್ರೇ, ಇದರ ಸದ್ದು ಒಂದ್ಸಲ ಕೇಳಿಸ್ತೀರಾ? ಬೀದಿ ತಿರುವಿನಲ್ಲಿ ಸದ್ದು ಬಂದ್ರೆ ನಾನು ನೀರು ಒಲೆಗಿಡ್ತಿದ್ದೆ. ಅವರು ಬಾಗಿಲಿಗೆ ಬರೋ ಹೊತ್ತಿಗೆ ಕಾದಿರೋದು. ಈಗ್ಲೂ ಸಂಜೆ ಆದ್ರೆ ಕಿವಿ ಬೀದಿ ಕಡೆಗೇ ಹೋಗತ್ತೆ. ಈ ಕಿವಿ ಪೂರ್ತಿ ಮುಚ್ಚೋದ್ರೊಳಗೆ ಒಂದೇ ಒಂದ್ಸಲ."

ಅವರ ಕೈ ಇನ್ನೂ ಬಾನೆಟ್ಟಿನ ಮೇಲೇ ಇತ್ತು. ಅಂಥ ಹೊತ್ತಿನಲ್ಲಿ ಗಂಡಸು ಮಾತು ಕೊಡಬಾರದು. ನಾನು ಕೊಟ್ಟೆ.

"ಅದಕ್ಕೇನತ್ತೆ! ಭಾನುವಾರದೊಳಗೆ ಗುಡುಗಿಸ್ತೀನಿ."

"ಏನು ಗುಡುಗಿಸ್ತೀರಿ?" ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ಹೊಲಿಗೆ ಮಿಷಿನ್ನಿನ ಬೆಲ್ಟ್ ಬಿಚ್ಚಿಕೊಂಡ್ರೆ ನನ್ನನ್ನ ಕೂಗ್ತೀರಿ."

"ವೈರು ಅಂದ್ರೆ ಏನೇ? ದಪ್ಪ ದಾರ. ದಾರದ ವಿಷಯ ನನಗೆ ಹೇಳ್ಕೊಡ್ಬೇಡ!"

ಬಾನೆಟ್ ಎತ್ತಿ ನೋಡಿದರೆ ದಾರಗಳನ್ನೆಲ್ಲ ಇಲಿಗಳು ತಿಂದು ತೇಗಿದ್ದವು. ಒಳಗೆ ಎಂಜಿನ್ ಎಂಬುದು ಕೀಲೆಣ್ಣೆ ಮತ್ತು ಧೂಳಿನ ಕರೀ ಕಂಬಳಿ ಹೊದ್ದು ಮಲಗಿತ್ತು. ನಮ್ಮ ಬೀದಿಯ ಮೆಕ್ಯಾನಿಕ್ ಗ್ರೀಸಣ್ಣನನ್ನು ಕರೆತಂದೆ. ಎಂಥ ಎಂಜಿನ್ ಆದರೂ ನೋಡದೆಯೇ ಗುರುತು ಹಿಡಿಯುತ್ತಾರೆಂಬುದು ಅವರ ಖ್ಯಾತಿ. (ಅದನ್ನು ಹರಡಿದವರೂ ಅವರೇ.)

"ಈ ಗಾಡೀನಾ? ಕಣ್ಮುಚ್ಕೊಂಡು ಹೇಳ್ತೀನಿ ಟೈಲರೇ," ಎಂದು ಗ್ರೀಸಣ್ಣ ನಿಜವಾಗಿಯೂ ಕಣ್ಣು ಮುಚ್ಚಿದರು. ತೆರೆದಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು. "ಆರು ಸಿಲಿಂಡರು. ಒಂದು, ಐದು, ಮೂರು, ಆರು, ಎರಡು, ನಾಲ್ಕು. ಗಡಿಯಾರದ ಮುಳ್ಳು ಹೋದ ಹಾಗೆ ಸುತ್ತಿಸ್ಕೊಂಡು ಹೋಗಿ. ಅಷ್ಟೇ."

ಇದಕ್ಕೆ ಫೈರಿಂಗ್ ಆರ್ಡರ್ ಎನ್ನುತ್ತಾರಂತೆ. ಯಾವ ಸಿಲಿಂಡರಿನ ನಂತರ ಯಾವುದು ಹೊತ್ತಿಕೊಳ್ಳಬೇಕು ಎಂಬ ಸರದಿ. ನನಗೆ ಥಟ್ಟನೆ ಅರ್ಥವಾಯಿತು. ನಮ್ಮ ಮನೆಯಲ್ಲೂ ಆ ಪದ್ಧತಿಯಿದೆ: ಮೊದಲು ಹೆಂಡತಿ, ಆಮೇಲೆ ಅತ್ತೆ, ಮತ್ತೆ ಹೆಂಡತಿ. ನಾನು ಹೊಗೆ ಹೋಗುವ ಕೊಳವೆ.

ಅಂಗಡಿಗೆ ಬೀಗ ಹಾಕಿ ಕೆಲಸಕ್ಕೆ ಕೂತೆ. ಬ್ಯಾಟರಿಯಿಂದ ಕೀಗೆ, ಕೀಯಿಂದ ಕಾಯಿಲ್ ಎಂಬ ಡಬ್ಬಿಗೆ, ಡಬ್ಬಿಯಿಂದ ಡಿಸ್ಟ್ರಿಬ್ಯೂಟರ್ ಎಂಬ ಕರೀ ಟೋಪಿಗೆ. ಆ ಟೋಪಿಯೊಳಗೆ ಒಂದು ಪುಟ್ಟ ಮುಳ್ಳು ಗಿರಗಿರ ತಿರುಗುತ್ತಾ ಆರು ವೈರುಗಳಿಗೂ ಸರದಿಯಂತೆ ಕಿಡಿ ಹಂಚುತ್ತದೆ. ಪ್ರತಿ ವೈರಿಗೂ ಬೇರೆ ಬೇರೆ ಬಣ್ಣದ ರೇಷ್ಮೆ ದಾರ ಕಟ್ಟಿ ಗುರುತು ಮಾಡಿದೆ. ಅಂಥ ಅಂದದ ವೈರಿಂಗನ್ನು ಲಾರಿಕುಲ ಅದುವರೆಗೆ ಕಂಡಿರಲಿಕ್ಕಿಲ್ಲ. ಗ್ರೀಸಣ್ಣ ಪೆಟ್ರೋಲಿನ ದಾರಿಗಳನ್ನೆಲ್ಲ ತೊಳೆದುಕೊಟ್ಟು, "ಇನ್ನು ಕೀ ತಿರುಗಿಸೋದೊಂದೇ" ಎಂದು ಮೀಸೆ ತಿರುವಿದರು.

ಭಾನುವಾರ ಬೆಳಿಗ್ಗೆ ಅತ್ತೆ ಅಡುಗೆಮನೆಯ ಕಿಟಕಿಯ ಬಳಿ ಕೂತರು. ನಾನು ಡ್ರೈವರ್ ಸೀಟು ಏರಿ ಕೀ ತಿರುಗಿಸಿದೆ. ಎಂಜಿನ್ ಕೆಮ್ಮಿತು, ಕ್ಯಾಕರಿಸಿತು, ನಡುಗಿತು. ಆಮೇಲೆ—

ಢಂ!

ಸೈಲೆನ್ಸರಿನಿಂದ ಇಲಿಗೂಡು, ತುಕ್ಕು, ಮಸಿ, ಇಷ್ಟೂ ವರ್ಷದ ಸಂಗ್ರಹವೆಲ್ಲ ಒಮ್ಮೆಲೇ ಹೊರಬಿತ್ತು. ಹಿಂದೆ ಹಗ್ಗದ ಮೇಲೆ ಬ್ಯಾಂಡ್ ಕಂಪನಿಯವರ ಬಿಳೀ ಪ್ಯಾಂಟುಗಳು ಸಾಲಾಗಿ ಒಣಗುತ್ತಿದ್ದವು. ಆ ಗಳಿಗೆಯವರೆಗೆ ಬಿಳಿ.

"ಯಾರೋ ಬಾಗಿಲು ಬಡೀತಿದ್ದಾರೆ, ನೋಡೇ!" ಎಂದರು ಅತ್ತೆ ಕಿಟಕಿಯಿಂದ.

"ಯಾರೂ ಇಲ್ಲಮ್ಮ, ನಿನ್ನ ಅಳಿಯನ ಗುಡುಗು!" ಹೆಂಡತಿ ಕರೀ ಪ್ಯಾಂಟುಗಳನ್ನು ಒಂದೊಂದಾಗಿ ಎಳೆದು ನನ್ನ ಮೇಲೆಸೆದಳು.

ಗ್ರೀಸಣ್ಣ ಗಂಭೀರವಾಗಿ ಕೈ ಒರೆಸಿಕೊಂಡರು. "ನಾನು ಹೇಳಿದ್ದು ತಪ್ಪಾಗೋ ಪ್ರಶ್ನೆಯೇ ಇಲ್ಲ. ಎಂಜಿನ್ನೇ ತಪ್ಪು." ಹೀಗೆ ತೀರ್ಪಿತ್ತು ಹೊರಟುಹೋದರು.

ಅತ್ತೆ "ಇರ್ಲಿ ಬಿಡಿ, ಹಳೇದಲ್ವಾ" ಎಂದು ಎದ್ದು ಒಳಗೆ ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಬೆನ್ನು ನೋಡಲಾಗಲಿಲ್ಲ.

ನನ್ನವಳಿಗೆ ಸಿಟ್ಟು ಬಂದರೆ ಏನನ್ನಾದರೂ ಉಜ್ಜಬೇಕು. ಪ್ಯಾಂಟುಗಳನ್ನು ಉಜ್ಜಿ ಮುಗಿಸಿದ ಮೇಲೂ ಸಿಟ್ಟು ಉಳಿದಿತ್ತು. ಸೀಮೆಎಣ್ಣೆ ಡಬ್ಬ, ಹಳೇ ಬ್ರಷ್ಷು ಹಿಡಿದು ಲಾರಿಯ ಮೇಲೇರಿ ಎಂಜಿನ್ನನ್ನೇ ಪಾತ್ರೆ ಬೆಳಗಿದಂತೆ ಬೆಳಗತೊಡಗಿದಳು. ಸ್ವಲ್ಪ ಹೊತ್ತಿಗೆ ಬೈಗುಳ ನಿಂತಿತು. ನನಗೆ ಹೆದರಿಕೆಯಾಯಿತು.

"ರೀ, ಇಲ್ನೋಡಿ. ಒಳಗೆ ಕೆಂಪು ಬಣ್ಣ ಇದೆ. ಅಪ್ಪನ ಗಾಡೀಲಿ ಕೆಂಪು ಎಲ್ಲೂ ಇರ್ಲಿಲ್ಲ."

ನೋಡಿದೆ. ಹಸಿರು ಲಾರಿಯ ಹೊಟ್ಟೆಯೊಳಗೆ ಕೆಂಪು ಎಂಜಿನ್. ಅದು ಕೂತಿದ್ದ ಕಬ್ಬಿಣದ ಕಾಲುಗಳೂ ಆಮೇಲೆ ಬೆಸುಗೆ ಹಾಕಿಸಿದವು. ಬೇರೆಯವರ ಅಂಗಿಗೆ ತೇಪೆ ಹಾಕಿ ಹೊಂದಿಸಿದ ಹಾಗೆ. ಪಕ್ಕದಲ್ಲಿ ಉಬ್ಬಿದ ಅಂಕಿಗಳು ಕಂಡವು. ಅವುಗಳ ಮೇಲೆ ಕಾಗದವಿಟ್ಟು ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣ ಉಜ್ಜಿದೆ. ಅಂಕಿಗಳು ಎದ್ದು ಬಂದವು. ಮರುದಿನ ಆ ಕಾಗದವನ್ನು ಹಳೇ ಬಿಡಿಭಾಗಗಳ ಅಂಗಡಿಯವರ ಮುಂದೆ ಹಿಡಿದೆ.

ಅವರು ಕನ್ನಡಕ ಸರಿಮಾಡಿಕೊಂಡು ನಕ್ಕರು. "ಇದು ಲಾರಿದಲ್ಲ ಸ್ವಾಮಿ, ಬೆಂಕಿ ಆರಿಸೋ ಗಾಡಿದು. ಇದರ ಟೋಪಿಯೊಳಗಿನ ಮುಳ್ಳು ಉಲ್ಟಾ ತಿರುಗತ್ತೆ."

ಬೆಂಕಿ ಆರಿಸುವುದೇ ಕುಲಕಸುಬಾದ ಎಂಜಿನ್ನಿಗೆ ನಾನು ಕಿಡಿ ಹೊತ್ತಿಸಲು ಹೊರಟಿದ್ದೆ. ಅದೂ ಉಲ್ಟಾ!

ಮನೆಗೆ ಬಂದು ಹೇಳಿದಾಗ ಹೆಂಡತಿ ಲಾರಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಈಗ ಗೊತ್ತಾಯ್ತು. ನಾನು ಸ್ಕೂಲಿಗೆ ಹೋಗ್ತಿದ್ದಾಗ ಅಪ್ಪ ಒಂದು ತಿಂಗಳು ಗಾಡಿ ಇಲ್ದೆ ಮನೇಲೇ ಇದ್ರು. ರಿಪೇರಿಗೆ ಬಿಟ್ಟಿದ್ದೀನಿ ಅಂದಿದ್ರು. ಆಗಲೇ ಬದಲಾಯಿಸಿರ್ಬೇಕು. ದಿನಾ ನನಗೆ ಅವರೇ ಜಡೆ ಹಾಕ್ತಿದ್ರು, ಸೊಟ್ಟಗೆ. ಬಿಚ್ಚಿ ಹಾಕ್ಕೋ ಅಂತ ಅಮ್ಮ ಬೈಯೋಳು. ನಾನು ಬಿಚ್ತಿರ್ಲಿಲ್ಲ. ಗಾಡಿ ಯಾವತ್ತೂ ರಿಪೇರಿ ಆಗದೇ ಇರ್ಲಿ ಅಂತ ಕೇಳ್ಕೊಳ್ತಿದ್ದೆ."

ನಾನು ಪಕ್ಕದಲ್ಲಿ ಕೂತೆ. ಅವಳೇ ಕಣ್ಣೊರೆಸಿಕೊಂಡು, "ಕೂತ್ರೆ ವೈರು ತಾನಾಗೇ ತಿರುಗತ್ತಾ? ಏಳಿ!" ಎಂದಳು.

ಆರು ವೈರು ಬಿಚ್ಚಿ, ಅದೇ ಸರದಿಯನ್ನು ಎದುರು ದಿಕ್ಕಿಗೆ ಸುತ್ತಿಸಿ ಕೂರಿಸಿದೆವು. ಈ ಸಲ ಹಗ್ಗದ ಮೇಲೆ ನನ್ನ ಬನಿಯನ್ನುಗಳನ್ನು ಮಾತ್ರ ಬಿಟ್ಟಿದ್ದಳು. ಕೀ ತಿರುಗಿಸಿದೆ. ಎಂಜಿನ್ ಒಮ್ಮೆ ಮೈಮುರಿದು ಹೊತ್ತಿಕೊಂಡಿತು. ಆಹಾ, ಅದೇನು ನಾದ! ಹೊಸ ಹೊಲಿಗೆ ಮಿಷಿನ್ ರೇಷ್ಮೆಯ ಮೇಲೆ ಓಡಿದಂತೆ, ಒಂದು ಅಪಸ್ವರವಿಲ್ಲ. ನಾನು ಎದೆಯುಬ್ಬಿಸಿ ಕಿಟಕಿಯ ಕಡೆ ನೋಡಿದೆ.

ಅತ್ತೆ ಕಿವಿಯ ಹಿಂದೆ ಅಂಗೈ ಇಟ್ಟು ಕೇಳುತ್ತಿದ್ದರು. ಆಮೇಲೆ ಮಗಳನ್ನು ಕರೆದು, "ಯಾರದೋ ಗಾಡಿ ಬಂತು ನೋಡೇ. ನೆಂಟರಿರ್ಬೇಕು" ಎಂದರು.

"ಅಮ್ಮಾ, ಅಪ್ಪನ ಗಾಡಿನೇ!"

"ನಿಮ್ಮಪ್ಪನದು ಹೀಗಿರ್ಲಿಲ್ಲ ಕಣೇ. ಅದು ಕುಂಟ್ತಾ ಬರೋದು." ಅತ್ತೆ ಕಿಟಕಿಯ ಕಟ್ಟೆಯ ಮೇಲೆ ಬೆರಳಿನಿಂದ ಬಡಿದರು: ಡುಗ್ ಡುಗ್ ಡುಗ್ ಡುಗ್ ಡುಗ್... ಒಂದು ತೆರಪು. ಡುಗ್ ಡುಗ್ ಡುಗ್ ಡುಗ್ ಡುಗ್... ಮತ್ತೆ ತೆರಪು.

ಐದು ಏಟು, ಒಂದು ಮೌನ. ಮಾವ ಇಷ್ಟೂ ವರ್ಷ ಒಂದು ಸಿಲಿಂಡರ್ ಹೊತ್ತಿಕೊಳ್ಳದ ಗಾಡಿಯನ್ನೇ ಓಡಿಸಿದ್ದರು! ಅತ್ತೆ ನೀರಿಟ್ಟದ್ದು ಆ ಕುಂಟು ಸದ್ದಿಗೆ.

ಹೆಂಡತಿ ನನ್ನ ಮುಖ ನೋಡಿದಳು, ನಾನು ಎಂಜಿನ್ನಿನ ಮುಖ ನೋಡಿದೆ. ಬಾಳಿನಲ್ಲಿ ಒಂದೇ ಒಂದು ಕೆಲಸವನ್ನು ಲೋಪವಿಲ್ಲದೆ ಮಾಡಿದ್ದೆ, ಈಗ ಅದನ್ನೂ ಕೆಡಿಸಬೇಕಿತ್ತು. ಇಳಿದು, ಎಂಜಿನ್ ಓಡುತ್ತಿದ್ದ ಹಾಗೆಯೇ ಒಂದು ವೈರಿಗೆ ಕೈ ಹಾಕಿ ಎಳೆದೆ. ಅಂಗಾಲಿನಿಂದ ನೆತ್ತಿಯವರೆಗೆ ಮಿಂಚು ಹರಿಯಿತು.

"ಕುಣಿಯೋದು ಆಮೇಲೆ ಕುಣೀರಿ, ಮೊದಲು ಅದನ್ನ ಬಿಡಿ!" ಎಂದು ಹೆಂಡತಿ ಒಣಬಟ್ಟೆ ಎಸೆದಳು.

ಕಿಟಕಿಯಲ್ಲಿ ಅತ್ತೆ ತಲೆಯಾಡಿಸಿದರು; ಇದಲ್ಲ. ಅದನ್ನು ಸಿಕ್ಕಿಸಿ ಇನ್ನೊಂದು ತೆಗೆದೆ. ಇದೂ ಅಲ್ಲ. ನನಗಂತೂ ಎಲ್ಲವೂ ಒಂದೇ ರೀತಿ ಕೇಳಿಸುತ್ತಿದ್ದವು. ಕಟ್ಟಕಡೆಯ ಆರನೆಯದನ್ನು ಕಿತ್ತಾಗ ಲಾರಿ ಒಂದು ಪಕ್ಕಕ್ಕೆ ವಾಲಿದಂತೆ ಕುಂಟತೊಡಗಿತು. ಕಿಟಕಿ ಖಾಲಿಯಾಗಿತ್ತು. ಒಳಗೆ ಪಾತ್ರೆಗೆ ನೀರು ಬಿದ್ದ ಸದ್ದು, ಒಲೆ ಹೊತ್ತಿದ ಸದ್ದು.

ನಾನು ಮತ್ತೆ ಡ್ರೈವರ್ ಸೀಟಿನಲ್ಲಿ ಕೂತು ಎಂಜಿನ್ ಆರದಂತೆ ನೋಡಿಕೊಳ್ಳುತ್ತಿದ್ದೆ. ಅತ್ತೆ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದು ಲಾರಿಯ ಬಾಗಿಲ ಪಕ್ಕ ನಿಂತರು.

"ಇಷ್ಟೊತ್ತಾ ಬರೋದು? ಊಟದ ಹೊತ್ತು ಯಾವ್ದು, ನೀವು ಬರೋ ಹೊತ್ತು ಯಾವ್ದು? ಮುಖ ನೋಡ್ಕೊಳ್ಳಿ, ಇಲಿ ಹಿಡಿಯೋಕೆ ಹೋಗಿದ್ರಾ? ದಾರೀಲಿ ಏನಾದ್ರೂ ತಿಂದ್ರಾ ಇಲ್ವಾ? ಒಂದು ಮಾತು ಹೇಳಿ ಹೋಗೋಕೆ ಬಾಯಿಗೇನಾಗಿತ್ತು?"

ನಾನು ಗಾಬರಿಯಿಂದ ಹೆಂಡತಿಯನ್ನು ನೋಡಿದೆ. ಅತ್ತೆ ಅದನ್ನೂ ಗಮನಿಸಿದರು.

"ಹೆದರ್ಬೇಡಿ ಅಳಿಯಂದ್ರೇ, ನನ್ನ ತಲೆ ನೆಟ್ಟಗಿದೆ. ಅವತ್ತು ಅವರನ್ನ ಆಸ್ಪತ್ರೆಗೆ ಸೇರಿಸಿದಾಗ ಬೈಯೋಕೆ ಆಗ್ಲಿಲ್ಲ. ಗುಣವಾಗಿ ಬರ್ಲಿ, ಆಮೇಲೆ ಬೈಯೋಣ ಅಂತ ಇಟ್ಕೊಂಡಿದ್ದೆ."

ಅಷ್ಟರಲ್ಲಿ ಸದ್ದು ಕೇಳಿ ಗ್ರೀಸಣ್ಣ ಓಡಿಬಂದರು, ಹಿಂದೆ ಅರ್ಧ ಬೀದಿ. "ಟೈಲರೇ, ಒಂದು ಸಿಲಿಂಡರ್ ಹೊಡೀತಿಲ್ಲ! ಅಯ್ಯೋ, ವೈರೇ ಸಿಕ್ಕಿಸಿಲ್ವಲ್ರೀ!" ಎಂದು ಕೈ ಚಾಚಿದರು. ನಾನು ಧುಮುಕಿ ಅವರ ಕೈ ಹಿಡಿದೆ.

"ಬೇಡಣ್ಣ. ನನಗೆ ಅಷ್ಟೇ ಬರೋದು."

ಅಂದಿನಿಂದ ಬೀದಿಯಲ್ಲಿ ನನ್ನ ಕೀರ್ತಿ ಹಬ್ಬಿದೆ. ಬಟ್ಟೆ ತೆಗೆದುಕೊಳ್ಳಲು ಬಂದವರು ನನ್ನ ಮುಂದೆಯೇ ಗುಂಡಿ ಎಣಿಸುತ್ತಾರೆ. ನಿಜ ಗೊತ್ತಿರುವ ಹೆಂಡತಿ ನನ್ನ ಪರ ಒಂದು ಮಾತಾಡುವುದಿಲ್ಲ. "ಇವರದು ಯಾವಾಗ್ಲೂ ಒಂದು ಕಡಿಮೆನೇ" ಎಂದು ಒಗ್ಗರಣೆ ಹಾಕುತ್ತಾಳೆ. ಆದರೆ ಸಂಜೆಯಾಗುತ್ತಿದ್ದಂತೆ ಲಾರಿಯ ಕೀಯನ್ನು ನನ್ನ ಕತ್ತರಿಯ ಪಕ್ಕದಲ್ಲಿ ತಂದಿಡುವವಳೂ ಅವಳೇ.

ಮೊದಲಾದರೆ ನನ್ನ ಪಾಲಿಗೆ ಬರುತ್ತಿದ್ದದ್ದು ಒಬ್ಬ ಹೆಂಡತಿಯ ಬೈಗುಳ. ಈಗ ಮಾವನ ಪಾಲಿನದೂ ನನಗೇ. ದಿನವೂ ಹೊಸ ಹೊಸದು ಬರುತ್ತಿದೆ. ಒಂದು ಜನ್ಮಕ್ಕಾಗುವಷ್ಟು ಕೂಡಿಟ್ಟಿದ್ದಾರೆ ಅತ್ತೆ. ಕಿವಿ ಇನ್ನಷ್ಟು ಮಂದವಾಗಿದೆ, ಆದ್ದರಿಂದ ಲಾರಿಗೆ ಆತುಕೊಂಡೇ ನಿಂತು ಬೈಯುತ್ತಾರೆ. ನಾನು ಸ್ಟಿಯರಿಂಗ್ ಹಿಡಿದು, ಮಸಿಮುಖ ತಗ್ಗಿಸಿ, "ಹೂಂ, ಹೂಂ" ಎನ್ನುತ್ತಾ ಕೂತಿರುತ್ತೇನೆ. ಅವರು ಪೂರ್ತಿ ಬೈದು ಮುಗಿಸುವವರೆಗೆ ಎಂಜಿನ್ ಆರಿಸುವುದಿಲ್ಲ.