ಸಾಹೇಬರು ಸಿಳ್ಳೆಹಕ್ಕಿ ನೋಡಿದ್ದು

ಬೇಗೂರಿನ ಫಾರೆಸ್ಟ್ ಗಾರ್ಡು ನೀಲಕಂಠಸ್ವಾಮಿಯ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. ಹುಣಸೂರಿನ ಮರದ ಡಿಪೋದಲ್ಲಿ ಯಾರೋ ತಮ್ಮ ಕಡೆಯ ಹುಲಿಯ ಕತೆ ಹೇಳಿದರೆಂದು ಈತನೂ ಹಟಕ್ಕೆ ಬಿದ್ದು, “ನಮ್ಮ ಹಳ್ಳದಲ್ಲಿ ಮನುಷ್ಯರ ಹಂಗೇ ಸಿಳ್ಳೆ ಹಾಕೋ ಕರಿನೀಲಿ ಹಕ್ಕಿ ಇದೆ” ಎಂದುಬಿಟ್ಟ. ನಿಜ ಹೇಳಬೇಕೆಂದರೆ ಅವನು ಅದನ್ನು ಕೇಳಿದ್ದೇ ಒಂದೆರಡು ಸಲ. ಮೊದಲ ಸಲವಂತೂ ಯಾವನೋ ಪೋಲಿ ಸಿಳ್ಳೆ ಹಾಕುತ್ತಿದ್ದಾನೆಂದು ಪೊದೆಯ ಕಡೆ ತಿರುಗಿ ಬಾಯಿಗೆ ಬಂದಂತೆ ಬೈದಿದ್ದ.

ಮಾತು ಮೈಸೂರಿನ ದೊಡ್ಡ ಸಾಹೇಬರ ಕಿವಿಗೆ ಬಿತ್ತು. ಕಾಡಿನ ಇಲಾಖೆಯ ಮೇಲಧಿಕಾರಿಗಳಾದ ಅವರಿಗೆ ಹಕ್ಕಿಗಳ ಹುಚ್ಚು. ಇದೇ ಹಕ್ಕಿಯ ಹಾಡು ಕೇಳಬೇಕೆಂದು ರಜ ಹಾಕಿ ಮಲೆಯಾಳದ ಘಟ್ಟಗಳಿಗೆಲ್ಲ ಹೋಗಿ, ಮಳೆಯಲ್ಲಿ ನೆಂದು, ಬರೀ ನೆಗಡಿ ಹಿಡಿಸಿಕೊಂಡು ವಾಪಸು ಬಂದಿದ್ದರು. ಈಗ ಅಂತರಸಂತೆಯವರೆಗೆ ಮೋಟಾರಿನಲ್ಲಿ, ಅಲ್ಲಿಂದಾಚೆಗೆ ಎತ್ತಿನ ಗಾಡಿಯಲ್ಲಿ ಕುಲುಕಿಸಿಕೊಂಡು ಬೇಗೂರಿಗೇ ಬಂದಿಳಿದರು.

ನೀಲಕಂಠಸ್ವಾಮಿಗೆ ಬೇಕಾಗಿದ್ದದ್ದು ಹಕ್ಕಿಯಲ್ಲ, ವರ್ಗ. ಬೇಗೂರಿಗೆ ಬಂದಾಗಿನಿಂದ ಚಳಿಜ್ವರ ಅವನ ಮನೆಯಲ್ಲಿ ನೆಂಟರ ಹಾಗೆ ಠಿಕಾಣಿ ಹೂಡಿತ್ತು. ಆ ಜ್ವರಕ್ಕೆ ಮಗಳ ಹೊಟ್ಟೆಯಲ್ಲಿ ಗಡ್ಡೆ ಕಟ್ಟಿತ್ತು. ಕ್ವಿನೈನ್ ನುಂಗಿ ನುಂಗಿ ಹೆಂಡತಿ ಪುಟ್ಟಮಲ್ಲಮ್ಮನ ಕಿವಿ ಸದಾ ಗುಂಯ್‌ಗುಡುತ್ತಿತ್ತು. ಹುಣಸೂರಿನ ಡಿಪೋದಲ್ಲಿ ಗಾರ್ಡಿನ ಜಾಗ ಒಂದು ಖಾಲಿ ಬಿದ್ದಿದೆಯೆಂದು ತಿಳಿದ ಮೇಲೆ ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

“ಇವತ್ತು ಸಾಯೇಬ್ರನ್ನ ಕೇಳ್ದೆ ಬಂದ್ರೆ ಮಗೀನ ಎತ್ಕಂಡು ನಮ್ಮಪ್ಪನ ಮನೆಗೆ ಒಂಟೋಯ್ತೀನಿ ಕಣ್ರೀ. ನೀವು ನಿಮ್ಮ ಅಕ್ಕಿ ಕೂಡೆ ಸಂಸಾರ ಮಾಡ್ಕಂಡಿರಿ” ಎಂದಳು.

“ಹಕ್ಕಿ ತೋರಿಸ್ದೆ ಹೆಂಗೆ ಕೇಳಾದು? ಮೊದ್ಲು ಅವ್ರ ಮನಸ್ಸು ತಣ್ಣಗಾಗ್ಲಿ” ಎಂದು ನೀಲಕಂಠಸ್ವಾಮಿ ರುಮಾಲು ಸುತ್ತಿಕೊಂಡ. ಹಕ್ಕಿ ಇವತ್ತು ಅಲ್ಲಿರದಿದ್ದರೆ ಗತಿಯೇನೆಂಬ ಚಿಂತೆ ಬೇರೆ.

ಹಳ್ಳದ ದಾರಿಯಲ್ಲಿ ಊರಿನ ಪಟೇಲ ಷಣ್ಮುಖಪ್ಪ ತಾನೂ ಬರುತ್ತೇನೆಂದು ಜೊತೆಗೂಡಿದ. ಯಾರೂ ಸದ್ದು ಮಾಡಬಾರದೆಂದು ಸಾಹೇಬರು ಕಟ್ಟಪ್ಪಣೆ ಮಾಡಿದ್ದರು. ಪಟೇಲನ ಹೊಸ ಜೋಡು ಮಾತ್ರ ಹೆಜ್ಜೆಹೆಜ್ಜೆಗೂ ಕಿರ್ರೆನ್ನುತ್ತಿತ್ತು. ಸಾಹೇಬರು ತಿರುಗಿ ನೋಡಿದಾಗಲೆಲ್ಲ ನೀಲಕಂಠಸ್ವಾಮಿ ಬೆವರುತ್ತಿದ್ದ. ಕಡೆಗೆ ಪಟೇಲ ಜೋಡು ಬಿಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡು, ಇವನ ಕಿವಿಯಲ್ಲಿ ಪಿಸುಗುಟ್ಟಿದ:

“ನೀವೇನೂ ಎದರ್ಕಬ್ಯಾಡಿ ಸ್ವಾಮ್ಯಾರೇ. ಸಾಯೇಬ್ರು ಅಷ್ಟು ದೂರದಿಂದ ಬಂದವ್ರೆ, ನಮ್ಮೂರು ಸುಮ್ಕಿದ್ದದಾ? ಎಲ್ಲ ಯವಸ್ತೆ ಮಾಡಿವ್ನಿ.”

“ಏನು ವ್ಯವಸ್ಥೆ ಪಟೇಲ್ರೇ?” ನೀಲಕಂಠಸ್ವಾಮಿ ಅಲ್ಲೇ ನಿಂತು ಕೇಳಿದ.

ಅಷ್ಟರಲ್ಲಿ ಹಳ್ಳ ಸಿಕ್ಕಿತು. ಸಾಹೇಬರು ಬಂಡೆಯ ಮರೆಯಲ್ಲಿ ಮಂಡಿಯೂರಿ ದುರ್ಬೀನು ಹಿಡಿದರು. ಆಚೆ ದಡದ ಕತ್ತಲ ಮರಗಳ ಒಳಗಿಂದ ಸಣ್ಣಗೆ ಒಂದು ಸಿಳ್ಳೆ ತೇಲಿ ಬಂತು. ಸಾಹೇಬರು ದುರ್ಬೀನನ್ನು ಆ ಕಡೆ ತಿರುಗಿಸಿದರು. ನೀಲಕಂಠಸ್ವಾಮಿ ಮನಸ್ಸಿನಲ್ಲೇ ನಂಜುಂಡೇಶ್ವರನಿಗೆ ಹಣ್ಣುಕಾಯಿಯ ಹರಕೆ ಹೊತ್ತುಕೊಂಡ.

ಆಗ ಕಾಡೊಳಗೆ ತಮಟೆಗಳು ಮೊಳಗಿದವು.

ದೊರೆಗಳು, ಸಾಹೇಬರು ಬಂದರೆಂದರೆ ಊರವರೆಲ್ಲ ತಮಟೆ ಬಡಿದು ಮೃಗಗಳನ್ನು ಅವರ ಬಂದೂಕಿನ ಮುಂದಕ್ಕೆ ಅಟ್ಟುವುದು ಬೇಗೂರಿನಲ್ಲಿ ಹಿಂದಿನಿಂದ ಬಂದ ರೂಢಿ. ಹಕ್ಕಿ ನೋಡುವ ಸಾಹೇಬರಿಗೂ ಅದೇ ಮರ್ಯಾದೆಯಾಗಲೆಂದು ಪಟೇಲ ಹುಕುಂ ಮಾಡಿದ್ದ. ಕಾಡೊಳಗಿಂದ ಮೊದಲು ಒಂದು ಹಂದಿ ನುಗ್ಗಿ ಬಂತು, ಆಮೇಲೆ ಮೊಲಗಳು, ಕೋತಿಗಳ ಹಿಂಡು, ದಿಕ್ಕುಗೆಟ್ಟ ನವಿಲು. ಎಲ್ಲಕ್ಕೂ ಹಿಂದೆ ತಮಟೆ ಕೊರಳಿಗೆ ಹಾಕಿಕೊಂಡು ನೀಲಕಂಠಸ್ವಾಮಿಯ ಜೊತೆಯ ಗಾರ್ಡು ಮಂಟಯ್ಯ ಬಂದು ಕೈಮುಗಿದ.

“ಅಕ್ಕಿ ಈ ಕಡೀಕೆ ಬಂತಾ ಬುದ್ಧೀ?”

ಸಾಹೇಬರ ಮುಖ ಕೆಂಡವಾಯಿತು. ದುರ್ಬೀನನ್ನು ಚೀಲಕ್ಕೆ ಹಾಕಿ ಎದ್ದರು. ಅವರ ಹಿಂದೆಯೇ ಹುಣಸೂರು ಎದ್ದು ಹೊರಟಂತಾಯಿತು ನೀಲಕಂಠಸ್ವಾಮಿಗೆ. ಮಗಳ ಊದಿದ ಹೊಟ್ಟೆ ಕಣ್ಣ ಮುಂದೆ ಬಂತು. ಬೇರೇನೂ ತೋಚದೆ ಅವನೇ ತುಟಿ ಚೂಪು ಮಾಡಿ, ಹಿಂದೊಮ್ಮೆ ಕೇಳಿದ್ದ ಧಾಟಿಯಲ್ಲಿ ಸಿಳ್ಳೆ ಹಾಕಿದ. ಮೊದಲು ಬರೀ ಗಾಳಿ ಹೊರಟಿತು. ತುಟಿ ಒದ್ದೆ ಮಾಡಿಕೊಂಡು ಇನ್ನೊಮ್ಮೆ ಹಾಕಿದ.

ಆಚೆ ದಡದಿಂದ ಉತ್ತರ ಬಂತು.

ಇವನು ಮತ್ತೆ ಹಾಕಿದ, ಅದು ಮತ್ತೆ ಹಾಡಿತು. ನೋಡನೋಡುತ್ತಿದ್ದಂತೆ ಕರಿನೀಲಿ ಹಕ್ಕಿಯೊಂದು ಹಾರಿ ಬಂದು ಹಳ್ಳದ ನಡುವಿನ ಕಲ್ಲಿನ ಮೇಲೆ ಕುಳಿತು, ಹಾಡಿದ್ದೇ ಹಾಡಿದ್ದು. ಸಾಹೇಬರ ಕಣ್ಣಲ್ಲಿ ನೀರು ತುಂಬಿತು.

“ನೀನು ಕರೆದರೆ ಬರುತ್ತದೇನಯ್ಯ?” ಎಂದರು ಮೆಲ್ಲಗೆ.

ನಾಲಿಗೆ ಮತ್ತೆ ಸುಮ್ಮನಿರಲಿಲ್ಲ. “ನಾನು ಕರೆದ್ರೆ ಮಾತ್ರ ಸ್ವಾಮಿ. ಬೇರೆಯವ್ರು ಎಷ್ಟು ಬಡ್ಕೊಂಡ್ರೂ ಕೊಕ್ಕು ಬಿಚ್ಚೋದಿಲ್ಲ. ನನ್ನ ಕಂಡ್ರೆ ಅದಕ್ಕೆ ಪ್ರಾಣ” ಎಂದ. ಇದೇ ಸಮಯವೆಂದು ರುಮಾಲು ತೆಗೆದು ಕೈಯಲ್ಲಿ ಹಿಡಿದು, “ತಮ್ಮಲ್ಲಿ ಒಂದು ಅರಿಕೆ. ಹುಣಸೂರು ಡಿಪೋದಲ್ಲಿ ಒಂದು ಜಾಗ...” ಎಂದು ಶುರುಮಾಡಿದ.

“ಗೊತ್ತು. ಆ ಜಾಗಕ್ಕೆ ನಿನ್ನನ್ನೇ ಹಾಕಿ ಮೊನ್ನೆಯೇ ಆರ್ಡರು ಮಾಡಿದ್ದೇನೆ. ಬರುವ ಸೋಮವಾರ ನೀನು ಅಲ್ಲಿರಬೇಕಾಗಿತ್ತು” ಎಂದರು ಸಾಹೇಬರು. ನೀಲಕಂಠಸ್ವಾಮಿ ಅವರ ಕಾಲಿಗೆ ಬೀಳಲು ಬಗ್ಗಿದ. ಸಾಹೇಬರು ಭುಜ ಹಿಡಿದು ಎಬ್ಬಿಸಿದರು. “ಸದ್ಯ, ಇವತ್ತು ಬಂದದ್ದು ಒಳ್ಳೆಯದಾಯಿತು. ಎಂಥ ಅನಾಹುತವಾಗುತ್ತಿತ್ತು. ನೀನು ಹೋದರೆ ಇದು ಯಾರಿಗೆ ಹಾಡಬೇಕು?”

“ಇಲ್ಲ ಸ್ವಾಮಿ, ಯಾರು ಕರೆದ್ರೂ ಬತ್ತದೆ ಅದು...”

“ಎಲ್ಲಾದ್ರೂ ಉಂಟಾ?” ಪಟೇಲ ಷಣ್ಮುಖಪ್ಪ ಉಪಕಾರ ಮಾಡಲು ಮುಂದೆ ಬಂದ. “ದಿನಾ ಬೆಳಗಾನೆ ಈ ಸ್ವಾಮ್ಯಾರ ಕೂಡೆ ಮಾತಾಡ್ತದೆ ಸಾಯೇಬ್ರೇ. ನಾನೇ ಕಣ್ಣಾರ ಕಂಡಿವ್ನಿ.”

“ಕೇಳಿದೆಯಾ? ರಿಟೈರಾಗುವವರೆಗೂ ನಿನ್ನನ್ನು ಇಲ್ಲಿಂದ ಯಾರೂ ಕದಲಿಸದ ಹಾಗೆ ನಾನು ನೋಡಿಕೊಳ್ಳುತ್ತೇನೆ” ಎಂದು ಸಾಹೇಬರು ಮಾತು ಕೊಟ್ಟರು. ಆಮೇಲೆ ಅವರ ಕಣ್ಣು ಮಂಟಯ್ಯನ ತಮಟೆಯ ಮೇಲೆ ಬಿತ್ತು. “ಈ ಆಸಾಮಿ ಇಲ್ಲಿದ್ದರೆ ಹಕ್ಕಿ ಉಳಿಯುವುದಿಲ್ಲ. ಹುಣಸೂರಿನ ಜಾಗಕ್ಕೆ ಇವನನ್ನು ಹಾಕಿಬಿಡೋಣ.”

ದಾರಿಯುದ್ದಕ್ಕೂ ಮಂಟಯ್ಯ ಅತ್ತುಕೊಂಡೇ ಬಂದ. “ದನ ಕರ ಎಲ್ಲ ಇಲ್ಲೇ ಅವೆ, ನಾನು ಅಲ್ಲೋಗಿ ಏನು ಮಾಡ್ಲಣ್ಣಾ? ಸಾಯೇಬ್ರು ನಿನ್ನ ಮಾತು ಕೇಳ್ತಾರೆ, ಒಂದು ಮಾತು ಯೋಳು.”

ಪುಟ್ಟಮಲ್ಲಮ್ಮ ಆಗಲೇ ಪಾತ್ರೆಪಡಗವನ್ನೆಲ್ಲ ಗೋಣಿಗೆ ತುಂಬಿ, ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು.

“ಕೇಳುದ್ರಾ? ಹುಣಸೂರಿಗೆ ವರ್ಗ ಆಯ್ತಾ?”

“ಆಯ್ತು ಕಣೆ, ಸೋಮವಾರಕ್ಕೆ” ಎಂದು ಅವನು ಜಗಲಿಯ ಮೇಲೆ ಕುಸಿದ. “ಮಂಟಯ್ಯನಿಗೆ.”