ಗುಲಾಬಿ ಬಾಟ್ಲಿಯೂ ಎರಡು ಹನಿ ತೀರ್ಥವೂ

ಕೈಯುಳ್ಳ ಸಕಲ ಜನರೇ, ಕಿವಿಗೊಡಿರಿ! ಮಹಾವ್ಯಾಧಿಯೊಂದು ಲೋಕವನ್ನೆಲ್ಲ ನಡುಗಿಸಿ ಹಿಂದೆ ಸರಿದ ಮೇಲೆ, ಅಂಗಡಿ ಅಂಗಡಿಯ ಗಲ್ಲೆಯ ಮೇಲೂ ಸ್ಯಾನಿಟೈಸರಿನ ಖಾಲಿ ಬಾಟ್ಲಿಯೊಂದು ಧೂಳು ಹಿಡಿದು ನಿಂತಿದ್ದ ಆ ಯುಗದಲ್ಲಿ, ರಾಣೆಬೆನ್ನೂರಿನ ಹೆಂಚಿನ ಮನೆಯೊಂದರ ಪಡಸಾಲೆಯಲ್ಲಿ ನಡೆದ ಘೋರಸಮರವನ್ನು ಹೇಳಹೊರಟಿದ್ದೇನೆ. ತಾಯಿ ವಾಣಿಯೇ, ಬಂದು ನನ್ನ ನಾಲಗೆಯ ಮೇಲೆ ನೆಲೆಸು. ಬರುವ ಮುಂಚೆ ಒಮ್ಮೆ ಕೈ ತೊಳೆದುಕೋ.

ಸಮರದ ಕಾರಣ ತೊಟ್ಟಿಲಲ್ಲಿ ಮಲಗಿತ್ತು. ದಿನ ತುಂಬುವ ಮೊದಲೇ ಹುಟ್ಟಿ, ಇಪ್ಪತ್ತೊಂದು ದಿನ ಕಳೆದರೂ ಎರಡು ಕಿಲೋದ ಗಡಿ ದಾಟಲು ಹೆಣಗುತ್ತಿದ್ದ ಅಂಗೈಯಗಲದ ಗಂಡುಕೂಸು. 'ಸ್ವಚ್ಛ ಕೈ ಇಲ್ಲದವರು ಮುಟ್ಟಬಾರದು' ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ಒಂದು ಮಾತನ್ನೇ ಕೋಟೆಯಾಗಿ ಕಟ್ಟಿಕೊಂಡು ಹೊಸ್ತಿಲಲ್ಲಿ ಕಾವಲು ನಿಂತವಳು ಕೂಸಿನ ತಾಯಿಯ ತಾಯಿ. ಹರಳೆಣ್ಣೆಲಿಪ್ತಭುಜದಂಡೆ, ಜ್ವರಶೀತಕೆಮ್ಮುಕುಲಾಂತಕಿ, ಗುರುಸಿದ್ದವ್ವ.

ಆ ಕೋಟೆಯ ಮುಂದೆ, ಮಧ್ಯಾಹ್ನ ಮೂರು ಗಂಟೆಗೆ, ಸವಣೂರಿನ ಬಸ್ಸಿಳಿದು ಬಂದು ನಿಂತಳು ಕೂಸಿನ ಸೋದರತ್ತೆ. ನಿತ್ಯಲಿಂಗಪೂಜಾನಿರತೆ, ಹಸಿರುಗಾಜಿನಬಳೆಝಣತ್ಕಾರಮಂಡಿತೆ, ದಾಕ್ಷಾಯಣಿ. ಮಡಿಲಲ್ಲಿ ಬೆಳ್ಳಿಯ ಉಡದಾರ. ತಮ್ಮನ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಕೂಸು. ಅವಳಿನ್ನೂ ಅದರ ಮುಖ ಕಂಡಿರಲಿಲ್ಲ. ನಾಲ್ಕರ ಬಸ್ಸಿಗೆ ಮರಳಲೇಬೇಕು. ಅಷ್ಟರೊಳಗೆ ಒಮ್ಮೆ ಅದನ್ನು ಎತ್ತಿ ಎದೆಗಾನಿಸಿಕೊಳ್ಳಬೇಕು. ಮೂರು ಲೋಕದ ಸಿಂಹಾಸನ ಕೊಟ್ಟರೂ ಅವಳಿಗೆ ಬೇರೇನೂ ಬೇಕಿರಲಿಲ್ಲ.

"ಬರ್ರಿ ಬೀಗರ, ಕುಂದರ್ರಿ. ಕೂಸಿನ್ನ ಮಾತ್ರ ದೂರಿಂದ ನೋಡ್ರಿ," ಎಂದಳು ಗುರುಸಿದ್ದವ್ವ.

"ದೂರಿಂದ ನೋಡಾಕ ಅದೇನ್ ಗುಡ್ಡದ ಮ್ಯಾಲಿನ ದೀಪ ಏನ್ರಿ? ನಾನೇನು ಹಂಗ ಬಂದೀನೇನು?"

ಹೀಗೆ ನುಡಿದು, ಒರೆಯಿಂದ ಖಡ್ಗ ಸೆಳೆವ ಸೇನಾನಿಯಂತೆ, ದಾಕ್ಷಾಯಣಿ ತನ್ನ ವ್ಯಾನಿಟಿ ಬ್ಯಾಗಿನಿಂದ ಗುಲಾಬಿ ಬಣ್ಣದ ಬಾಟ್ಲಿಯೊಂದನ್ನು ಸೆಳೆದು ಎತ್ತಿ ಹಿಡಿದಳು. ಮುಚ್ಚಳ ತೆರೆದದ್ದೇ ತಡ, ಇಡೀ ಪಡಸಾಲೆ ಮದುವೆಯ ಮಂಟಪದಂತೆ ಘಮಘಮಿಸಿತು.

"ಅಂಗಡ್ಯಾಗ ಹತ್ತು ಬಾಟ್ಲಿ ತಗಸಿ, ಒಂದೊಂದ ಓದಿಸಿ, ಆರಿಸಿ ತಂದೀನ್ರಿ. ನೋಡ್ರಿಲ್ಲೆ, ಆಲ್ಕೋಹಾಲ್ ಮುಕ್ತ! ಲಿಂಗ ಹಿಡಿಯೋ ಕೈ ಇದು. ಇದಕ್ಕ ಸೆರೆ ಸೋಂಕಿಸಂಗಿಲ್ಲ ನಾನು."

ಗುರುಸಿದ್ದವ್ವ ನಕ್ಕಳು. ತೊಟ್ಟಿಲು ನಡುಗುವಂಥ ನಗೆ ಅದಾಗಬೇಕಿತ್ತು. ಕೂಸು ಎದ್ದೀತೆಂದು ಸೆರಗು ಬಾಯಿಗೊತ್ತಿ ನಕ್ಕಳು. ಆಮೇಲೆ ಕಿಟಕಿಯ ಕಟ್ಟೆಯಿಂದ ತನ್ನ ಆಯುಧವನ್ನು ಇಳಿಸಿದಳು. ಬಣ್ಣವಿಲ್ಲ, ಪರಿಮಳವಿಲ್ಲ, ಮೂಗಿಗೆ ಹಿಡಿದರೆ ಇಂಜೆಕ್ಷನ್ ನೆನಪಾಗುವ ಘಾಟು.

"ಇದು ಎಪ್ಪತ್ತು ಪರ್ಸೆಂಟ್ರಿ! ನಿಮ್ಮದು ಅತ್ತರ. ಅದನ್ನ ಹಚ್ಚಿದ್ರ ಕ್ರಿಮಿ ಸಾಯಂಗಿಲ್ಲ, ತಲೀಗೆ ಹೂ ಮುಡ್ಕೊಂಡು ಕುಣೀತಾವ."

"ನಿಮ್ಮದನ್ನ ಹಚ್ಚಿದ್ರ ಕೂಸು ಹಾಲಿನ ಬದ್ಲಿ ಅಮಲಿನಾಗ ಮಲಗ್ತೈತಿ!"

ಮಾತಿನ ಬಾಣಗಳು ಹಾರಿದವು, ಬಳೆಗಳು ಮೊಳಗಿದವು. ಸವಣೂರಿನ ಸೇನೆ ಒಂದು ಹೆಜ್ಜೆ ಮುಂದಿಟ್ಟರೆ, ರಾಣೆಬೆನ್ನೂರಿನ ಸೇನೆ ಬಾಗಿಲಿಗೆ ಅಡ್ಡ ಕೈ ಚಾಚಿತು. ಒಳಗೆ ಬಾಣಂತಿ ಸುವರ್ಣಾ ಕಿವಿಗೆ ಕಟ್ಟಿದ ಅರಿವೆಯನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು. ಗೋಡೆಯ ಗಡಿಯಾರ ಮೂರೂವರೆ ಹೊಡೆಯಿತು. ಆ ಸದ್ದಿಗೆ ದಾಕ್ಷಾಯಣಿಯ ಕಣ್ಣು ತುಂಬಿದ್ದನ್ನು ಗುರುಸಿದ್ದವ್ವ ಕಂಡಳು, ಕಂಡೂ ಕದಲಲಿಲ್ಲ. ಎರಡು ಕಿಲೋ ಆಗದ ಜೀವ ಅವಳ ಬೆನ್ನ ಹಿಂದಿತ್ತು.

ಆಗ ಬಂದಳು, ಹೆಗಲ ಚೀಲದಲ್ಲಿ ತೂಕದ ತಕ್ಕಡಿ ಹೊತ್ತು, ಬಿಸಿಲಲ್ಲಿ ಹನ್ನೆರಡು ಮನೆ ತಿರುಗಿ ಬೆವರಿದ ಆಶಾ ಕಾರ್ಯಕರ್ತೆ ಹಸೀನಾಬಾನು. ಕೂಸನ್ನು ತೂಗುವ ದಿನವಾಗಿತ್ತು ಅಂದು. ಇಬ್ಬರೂ ಏಕಕಾಲಕ್ಕೆ ದೂರು ಕೊಟ್ಟರು. ಅವಳು ಎರಡೂ ಬಾಟ್ಲಿ ತಿರುಗಿಸಿ ಓದಿದಳು.

"ಅಕ್ಕಾರ, ನಿಮ್ಮ ಗುಲಾಬಿ ವಾಸನಿ ಛಲೋ ಐತ್ರಿ. ಆದ್ರ ಅರವತ್ತರ ಮ್ಯಾಲೆ ಆಲ್ಕೋಹಾಲ್ ಇದ್ರ ನಂಬಬೇಕು. ಅದೇನು ಕುಡಿಯೋದಲ್ಲ, ತಿಕ್ಕಿದ ಮ್ಯಾಲೆ ಆರಿ ಹೋಗ್ತೈತಿ."

"ಕೇಳಿದ್ರಿ?" ಗುರುಸಿದ್ದವ್ವನ ಎದೆ ಉಬ್ಬಿತು.

"ನೀವು ಹೆಂಗ ಹಚ್ಕೋತೀರಿ, ತೋರಸ್ರಿ ಅವ್ವಾರ."

ವಿಜಯದುಂದುಭಿ ಆಗಲೇ ಮೊಳಗಿತೆಂಬ ಗತ್ತಿನಲ್ಲಿ ಗುರುಸಿದ್ದವ್ವ ಅಂಗೈಯನ್ನು ಗುಳಿ ಮಾಡಿ, ಮಠದ ತೀರ್ಥದಂತೆ ಎರಡೇ ಹನಿ ಹಾಕಿಕೊಂಡು, ರೂಢಿಯ ಬಲದಿಂದ ಕಣ್ಣಿಗೊತ್ತಿಕೊಳ್ಳಹೋಗಿ ಬೆಚ್ಚಿ, ಸೆರಗಿಗೆ ಒರೆಸಿಕೊಂಡಳು.

ಹಸೀನಾಬಾನು ಹಣೆ ಹಿಡಿದುಕೊಂಡಳು.

"ಇಪ್ಪತ್ತೊಂದು ದಿನ ಹಿಂಗ ಮಾಡೀರೇನ್ರಿ? ಅಂಗೈ ತುಂಬ ಹಾಕ್ಕೋಬೇಕು. ಬೆರಳ ಸಂದಿ, ಹೆಬ್ಬೆರಳು, ಉಗುರು, ಕೈ ಹಿಂದ, ಆರೋ ತನಕ ತಿಕ್ಕಬೇಕು. ಒರಸಂಗಿಲ್ಲ." ಆಮೇಲೆ ನಾಲ್ಕೂ ಕೈಗಳನ್ನು ತಿರುವಿ ನೋಡಿದಳು. ಒಂದು ಜೋಡಿಗೆ ಹರಳೆಣ್ಣೆ. ಇನ್ನೊಂದಕ್ಕೆ ಬಸ್ಸಿನಲ್ಲಿ ತಿಂದ ಮಿರ್ಚಿಯ ಜಿಡ್ಡು, ಅದರ ಮೇಲೆ ಗುಲಾಬಿ. "ಇಂಥ ಜಿಡ್ಡಿನ ಕೈಗೆ ಯಾವ ಬಾಟ್ಲೀನೂ ನಡಿಯಂಗಿಲ್ಲ. ಇಬ್ರೂ ಬಚ್ಚಲಕ್ಕ ನಡೀರಿ. ಸಾಬೂನು ಹಚ್ಚಿ ತೊಳ್ಕೋರಿ."

ಹೀಗೆ, ಧರೆಯನ್ನೇ ನಡುಗಿಸಬೇಕಿದ್ದ ಎರಡು ಮಹಾಸೇನೆಗಳು ಬಚ್ಚಲಲ್ಲಿ ಒಂದೇ ಮಣೆಯ ಅಂಚಿಗೆ ಕುಕ್ಕರಿಸಿದವು. ಗೋಡೆಗೆ ಅಂಟಿದ್ದ ಸಾಬೂನಿನ ತುಣುಕೊಂದನ್ನು ಗುರುಸಿದ್ದವ್ವ ಉಗುರಿನಿಂದ ಎಬ್ಬಿಸಿ ಮೊದಲು ಬೀಗರಿಗೆ ಕೊಟ್ಟಳು. ದಾಕ್ಷಾಯಣಿ ತಂಬಿಗೆಯಿಂದ ನೀರೆರೆದಳು.

"ಹೆಬ್ಬೆರಳು ಬಿಟ್ರಿ, ಬೀಗರ."

"ನಿಮ್ಮ ಉಗುರು ನೋಡ್ಕೋರಿ ಮೊದ್ಲ."

ಮೂರು ಗಂಟೆ ನಲವತ್ತೆರಡು ನಿಮಿಷಕ್ಕೆ, ನೆರಿಗೆ ಬಿದ್ದು ಬಿಳಿಚಿದ ಎರಡು ಅಂಗೈಗಳ ಮೇಲೆ ಆ ಕುಲದೀಪಕ ಇಳಿದು ಬಂದ. ಅಜ್ಜಿಯೇ ಎತ್ತಿ ಕೊಟ್ಟಳು. ದಾಕ್ಷಾಯಣಿ ಎದೆಗಾನಿಸಿಕೊಂಡಳು, ಉಡದಾರವಿನ್ನೂ ಮಡಿಲಲ್ಲೇ ಇತ್ತು. ಕೂಸು ಒಂದು ಕಣ್ಣು ತೆರೆದು, ಸೋದರತ್ತೆಯನ್ನು ಅಳೆದು ನೋಡಿ, ಬೆಚ್ಚಗೆ ಉಚ್ಚೆ ಹೊಯ್ದಿತು.

"ಅಯ್ಯ! ಕೊಡ್ರಿಲ್ಲೆ, ಕೈ ತೊಳ್ಕೊಂಡು ಬರ್ರಿ," ಎಂದಳು ಗುರುಸಿದ್ದವ್ವ.

ದಾಕ್ಷಾಯಣಿ ಕೂಸನ್ನು ಇನ್ನಷ್ಟು ಒತ್ತಿ ಹಿಡಿದಳು.

"ಇರ್ಲಿ ಬಿಡ್ರಿ. ಇದರಾಗೂ ಆಲ್ಕೋಹಾಲ್ ಇಲ್ಲ."