ಖಾಡಿಯ ಕೊಳೆ ಅಳೆಯಲು ಹೋದದ್ದು

ಸಮುದ್ರವೆಂದರೆ ನನಗೆ ಮನೆಯಂಗಳ! ಹುಟ್ಟಿದ್ದು ಉಡುಪಿಯ ಕಡಲ ಬದಿಯಲ್ಲಿ. ಮರಾಠಿ ನಾಡಿನ ನೆರೂಳಿಗೆ ಬಂದು ಆಫೀಸಿನ ಕುರ್ಚಿ ಸವೆಸಿದರೇನಾಯಿತು? ಹಾಗಾಗಿ ಮಗಳು ಅನನ್ಯಾಗೆ ಇಲ್ಲಿನ ಖಾಡಿಯ, ಅಂದರೆ ಊರೊಳಗೆ ಚಾಚಿದ ಕಡಲ ಹಿನ್ನೀರಿನ, ಕೊಳೆ ಅಳೆಯುವ ಕಾಲೇಜಿನ ಪ್ರಾಜೆಕ್ಟಿಗೆ ದೋಣಿಯಲ್ಲಿ ಹಗ್ಗ ಹಿಡಿಯುವವರೊಬ್ಬರು ಬೇಕಾದಾಗ, ನಾನು ಅರ್ಜಿ ಹಾಕದೆಯೇ ನೇಮಕಗೊಂಡೆ.

ಹಗ್ಗದ ತುದಿಗೆ ಕಟ್ಟುವುದು ಎರಡು ರೆಕ್ಕೆಯ, ಮೊಳದುದ್ದದ ಕೊಳವೆ. ದೋಣಿ ಎಳೆದುಕೊಂಡು ಹೋದಂತೆ ಅದು ನೀರಿನ ಉಪ್ಪು, ಬಿಸಿ, ಕೊಳೆ ಅಳೆದು ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಕಾಲೇಜಿನವರು ಕೊಟ್ಟದ್ದು ಒಂದೇ ದಿನಕ್ಕೆ.

"ಪಪ್ಪಾ, ಆಜ್ ಡೇಟಾ ನಹೀ ಮಿಲಾ ತೋ ಪ್ರಾಜೆಕ್ಟ್ ಗಯಾ," ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ಇಷ್ಟು ದೊಡ್ಡ ಕೆಲಸಕ್ಕೆ ಹೊರಟ ಯಂತ್ರಕ್ಕೆ ಪೂಜೆ ಬೇಡವೇ? ನಮ್ಮ ಮನೆಯಲ್ಲಿ ಸ್ಕೂಟರಾಗಲಿ, ಗ್ರೈಂಡರಾಗಲಿ ಕುಂಕುಮವಿಲ್ಲದೆ ಚಾಲೂ ಆದದ್ದಿಲ್ಲ. ಅವಳು ಸ್ನಾನಕ್ಕೆ ಹೋದಾಗ ಕೊಳವೆಯ ಮುಚ್ಚಳ ತೆಗೆದೆ. ಒಳಗೆ ದುಂಡು ಗಾಜು, ಥೇಟ್ ಹಣೆ! ನೀರಿನಲ್ಲಿ ಅಳಿಸಿಹೋಗಬಾರದೆಂದು ಕುಂಕುಮವನ್ನು ತೆಂಗಿನೆಣ್ಣೆಯಲ್ಲಿ ಕಲಸಿ ದೊಡ್ಡ ಬೊಟ್ಟಿಟ್ಟೆ. ಕೈಮುಗಿದು ಮುಚ್ಚಳ ಹಾಕಿದೆ.

ದೋಣಿಯಲ್ಲಿ ಅನನ್ಯಾ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. ಅವಳು ಹೇಳಿದಂತೆ ನಾನೇ ಮುಚ್ಚಳ ತೆಗೆದು ಕೊಳವೆಯನ್ನು ನೀರಿಗಿಳಿಸಿದೆ. ಆಮೇಲೆ ನಡೆದದ್ದು ನನಗೆ ಕನಸಿನ ಹಾಗೆ ನೆನಪಿದೆ. ಎಳೆ ಬಿಸಿಲು, ಕೆಸರಿನಂಚಿನಲ್ಲಿ ಗುಲಾಬಿ ಬಣ್ಣದ ಫ್ಲೆಮಿಂಗೋಗಳು, ದೂರದ ಸೇತುವೆಯ ಮೇಲೆ ಸದ್ದಿಲ್ಲದೆ ಸರಿಯುವ ಲೋಕಲ್ ರೈಲು. ಅಂಗೈಯೊಳಗಿನ ಹಗ್ಗವನ್ನು ನೀರು ಮೆಲ್ಲಗೆ ಜಗ್ಗುತ್ತಿತ್ತು. ಕಡಲು ನನ್ನ ಕೈ ಹಿಡಿದುಕೊಂಡು ನಡೆಯುತ್ತಿದೆ ಎನ್ನಿಸಿ ಕಣ್ಣು ಅರೆ ಮುಚ್ಚಿತು. ಎಷ್ಟು ಹೊತ್ತಾಯಿತೋ, ಬಹಳ ಸುಖವಾಗಿತ್ತು.

"ಪಪ್ಪಾ! ಗಂದಗೀ ಫುಲ್! ಶುರು ಸೇ ಎಂಡ್ ತಕ್ ಸೇಮ್!"

ಮೊದಲಿನಿಂದ ಕೊನೆಯವರೆಗೂ ಬರೀ ಕೊಳೆಯೇ! ನಾನು ಎಚ್ಚೆತ್ತು, ಖಾಡಿಗೆ ಕೊಳೆ ಬಿಡುವವರ ನಾಗರಿಕ ಪ್ರಜ್ಞೆಯ ಕುರಿತು ದೋಣಿಯವನಿಗೆ ಸುದೀರ್ಘ ಉಪನ್ಯಾಸ ನೀಡಿದೆ. ಅವನು ಕೇಳುತ್ತಲೇ ಕೊಳವೆಯನ್ನು ಮೇಲೆತ್ತಿದ.

"ಕಾಕಾ, ಹೇ ಲಾಲ್ ಕಾಯ್ ಆಹೇ?"

ಈ ಕೆಂಪು ಏನೆಂದು ಅವನು ಕೇಳಿದ್ದೇ, ಉಪನ್ಯಾಸ ಅಲ್ಲಿಗೆ ಮುಕ್ತಾಯವಾಯಿತು.

"ಪಪ್ಪಾ, ಯೇ ಉಸ್ಕೀ ಆಂಖ್ ಹೈ!" ನಾನು ಹಣೆ ಎಂದುಕೊಂಡದ್ದು ಕೊಳೆ ಅಳೆಯುವ ಅದರ ಕಣ್ಣಂತೆ!

"ಒಳ್ಳೇದಾಗ್ಲಿ ಅಂತ ಇಟ್ಟದ್ದು ಮಗಾ..."

ಅವಳ ಕಣ್ಣು ತುಂಬಿತು. ಅವಸರದಲ್ಲಿ ಅಂಗಿಯಿಂದ ಒರೆಸಿದೆ. ಎಣ್ಣೆ ಗಾಜಿನ ತುಂಬಾ ಹರಡಿತು! ಅಷ್ಟರಲ್ಲಿ ನೀರು ಇಳಿಯತೊಡಗಿ, ಇನ್ನು ನಿಂತರೆ ದೋಣಿ ಕೆಸರಿನಲ್ಲಿ ಕೂರುತ್ತದೆಂದು ದೋಣಿಯವನು ತಿರುಗಿಸಿಬಿಟ್ಟ. ಮಗಳು ನನ್ನನ್ನು ಆಚೆ ಸರಿಸಿ, ಗಾಜನ್ನು ತಾನೇ ತೊಳೆದು, ವಾಪಸು ದಾರಿಯಲ್ಲಿ ಹಗ್ಗವನ್ನೂ ತಾನೇ ಹಿಡಿದಳು. ಅರ್ಧ ಖಾಡಿಯ ಅಳತೆ ಸಿಕ್ಕಿತು. ಪ್ರಾಜೆಕ್ಟ್ ಹೇಗೋ ಬದುಕಿಕೊಂಡಿತು.

ಮೊದಲ ಅಳತೆ ಕೆಟ್ಟದ್ದೇಕೆಂದು ಇಂಗ್ಲಿಷ್ ವರದಿಯಲ್ಲಿ ಅವಳು ಪ್ರಾಮಾಣಿಕವಾಗಿ ಬರೆದಿದ್ದಾಳೆ: "ಮಾಲಿನ್ಯದ ಮೂಲ, ಸಂಶೋಧಕಿಯ ತಂದೆ."

ಹೆಂಡತಿಗೆ ತೋರಿಸಿ ನ್ಯಾಯ ಕೇಳಿದೆ. ಕನ್ನಡಕ ಏರಿಸಿ ಎರಡು ಸಲ ಓದಿದಳು.

"ಇದ್ರಲ್ಲಿ ತಪ್ಪೇನುಂಟು?" ಎಂದಳು.